‘ತ್ರಾಸ ಇಲ್ಲ ಅಂತ ಬರಿ, ತಮ್ಮಾ’: ಕರುಳಿನ ಬೇನೆಗೆ ಅಂಕ ಹಾಕಿದವರ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಿನ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ಹೊಲದ ಬದುವಿನ ಮೇಲೆ ನಿಂತು ಕೇಳ್ತಿದ್ದೀರೋ ಗೊತ್ತಿಲ್ಲ. ಊಟಕ್ಕೆ ಕೂತಿದ್ದರೆ ಮಾತ್ರ ಇಲ್ಲೇ ನಿಲ್ಲಿಸಿ, ಕೈ ತೊಳೆದುಕೊಂಡ ಮೇಲೆ ಕೇಳಿ. ಯಾಕಂದ್ರೆ ಇವತ್ತಿನ ಮಾತು ಸಂಡಾಸದ್ದು. ನಮ್ಮ ಮನೆಗಳಲ್ಲಿ ಯಾರೂ ದನಿ ಎತ್ತಿ ಆಡದ ಮಾತು.

ನಾನು ರಾಯಬಾಗ ತಾಲ್ಲೂಕಿನವನು. ಇಪ್ಪತ್ಮೂರನೇ ವಯಸ್ಸಿನಿಂದ ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ, ದಿನಕ್ಕೆ ಎಷ್ಟು ಸಲ ಓಡಬೇಕು ಅನ್ನೋದು ನಮ್ಮ ಕೈಯಲ್ಲಿರಲ್ಲ. ಕೆಲವು ವರ್ಷಗಳ ಹಿಂದೆ ಗಡಿಯಾಚೆಯ ಒಂದು ಆಸ್ಪತ್ರೆಗೆ ತಪಾಸಣೆಗೆ ಹೋಗಿದ್ದೆ. ಅಲ್ಲಿ ಒಬ್ಬ ಯುವ ಡಾಕ್ಟರು ನನ್ನ ಕೈಗೆ ಒಂದು ಮರಾಠಿ ಫಾರ್ಮ್ ಕೊಟ್ಟರು. ಹಿಂದಿನ ಎರಡು ವಾರದ ಬಗ್ಗೆ ಒಂದಷ್ಟು ಪ್ರಶ್ನೆ. ಪ್ರತಿ ಪ್ರಶ್ನೆಗೆ 1ರಿಂದ 7ರವರೆಗೆ ಅಂಕ. 1 ಅಂದ್ರೆ ತೀರಾ ಕಷ್ಟ, 7 ಅಂದ್ರೆ ಏನೂ ತೊಂದರೆ ಇಲ್ಲ.

ಅದೇ ಬೆಂಚಿನ ಮೇಲೆ ಅಥಣಿ ಕಡೆಯ ಒಬ್ಬ ಹೆಣ್ಣುಮಗಳು ಕೂತಿದ್ದರು. ಐವತ್ತರ ಆಸುಪಾಸು. ಅವರಿಗೆ ಮರಾಠಿ ಕೇಳಿದರೆ ತಿಳಿಯುತ್ತೆ, ಓದೋಕೆ ಬರಲ್ಲ. ಡಾಕ್ಟರು ನನ್ನ ಕಡೆ ತಿರುಗಿ, ‘ಇವರದ್ದೂ ನೀವೇ ಕನ್ನಡದಲ್ಲಿ ಕೇಳಿ ತುಂಬಿಬಿಡಿ’ ಅಂದರು. ಒಬ್ಬ ರೋಗಿಯ ಗುಟ್ಟನ್ನ ಇನ್ನೊಬ್ಬ ರೋಗಿಯ ಕೈಲಿ ಕೇಳಿಸೋದು ಸರಿಯಲ್ಲ. ಆವತ್ತು ನನಗೂ ಅದು ಹೊಳೆಯಲಿಲ್ಲ. ಕೇಳೋಕೆ ಶುರು ಮಾಡಿದೆ.

‘ಕಾಕೂ, ಹಿಂದಿನ ಎರಡ ವಾರದಾಗ, ಸಂಡಾಸ ಹತ್ರ ಇಲ್ಲ ಅಂತ ಎಲ್ಲಿಗಾದ್ರೂ ಹೋಗೂದ ತಪ್ಪಿಸೀರೇನು?’

‘ಇಲ್ಲಪಾ.’

‘ಒಮ್ಮಿನೂ ಇಲ್ಲ?’

‘ಲಗ್ನ, ಜಾತ್ರಿ, ಸಂತಿ ಎಲ್ಲಾ ಬಿಟ್ಟ ಮೂರ ವರ್ಷ ಆತು. ಹೋಗೂದ ಇಲ್ಲ ಅಂದಮ್ಯಾಲ ತಪ್ಪಿಸೂದೇನ ಬಂತು? ತ್ರಾಸ ಇಲ್ಲ ಅಂತ ಬರಿ, ತಮ್ಮಾ.’

ಬರೆದೆ. ಏಳಕ್ಕೆ ಏಳು.

ಆ ಏಳು ನನ್ನನ್ನ ಬಿಡಲಿಲ್ಲ ನೋಡಿ. ಮನೆಗೆ ಬಂದ ಮೇಲೂ ಅದೇ ಯೋಚನೆ. ಈ ಫಾರ್ಮ್ ಎಲ್ಲಿಂದ ಬಂತು? ಯಾರು ಮೊದಲ ಸಲ ರೋಗಿಯ ಹತ್ತಿರ ಕೂತು ‘ನಿನ್ನ ಬದುಕು ಹೇಗಿದೆ’ ಅಂತ ಕೇಳಿದರು? ಅದಕ್ಕೆ ಮುಂಚೆ ಡಾಕ್ಟರುಗಳು ಏನನ್ನ ಅಳೆಯುತ್ತಿದ್ದರು? ಹುಡುಕ್ತಾ ಹೋದರೆ ಅದೊಂದು 160 ವರ್ಷದ ಕಥೆ. ಶುರುವಾಗೋದು ಒಂದು ಕೊಲೆ ಕೇಸಿನಿಂದ.

ವಿಷ ಅಂದುಕೊಂಡ ಕಾಯಿಲೆ

1859, ಇಂಗ್ಲೆಂಡ್. ಲಂಡನ್ ಹತ್ತಿರದ ರಿಚ್ಮಂಡ್‌ನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಅನ್ನೋ ಮಹಿಳೆ ವಾಂತಿ, ಭೇದಿಯಿಂದ ನರಳಿ ಮೇ ತಿಂಗಳಲ್ಲಿ ತೀರಿಕೊಂಡರು. ಜೊತೆಗಿದ್ದವನು ಥಾಮಸ್ ಸ್ಮೆತರ್ಸ್ಟ್, ವೃತ್ತಿಯಲ್ಲಿ ಡಾಕ್ಟರ್. ಅವನಿಗೆ ಮೊದಲೇ ಒಂದು ಮದುವೆ ಆಗಿತ್ತು. ಇಸಬೆಲ್ಲಾ ಹತ್ತಿರ ಹಣವೂ ಇತ್ತು. ಪೊಲೀಸರಿಗೆ ಇನ್ನೇನು ಬೇಕು? ವಿಷ ಹಾಕಿದ್ದಾನೆ ಅಂತ ಹಿಡಿದರು. ಆಗಿನ ಕಾಲದ ದೊಡ್ಡ ವಿಷತಜ್ಞ ಆಲ್ಫ್ರೆಡ್ ಸ್ವೇನ್ ಟೇಲರ್ ಆರ್ಸೆನಿಕ್ ಸಿಕ್ಕಿದೆ ಅಂದರು. ಆಮೇಲೆ ನೋಡಿದರೆ ಆ ಆರ್ಸೆನಿಕ್ ಅವರು ಪರೀಕ್ಷೆಗೆ ಬಳಸಿದ ತಾಮ್ರದಲ್ಲೇ ಇತ್ತು! ಆದರೂ ಸ್ಮೆತರ್ಸ್ಟ್‌ಗೆ ಗಲ್ಲು ಶಿಕ್ಷೆ ಆಯ್ತು. ಗಲಾಟೆ ಎದ್ದ ಮೇಲೆ ಶಿಕ್ಷೆ ತಪ್ಪಿ ಕ್ಷಮಾದಾನ ಸಿಕ್ಕಿತು. ಕೊನೆಗೆ ಅವನು ಜೈಲಿಗೆ ಹೋಗಿದ್ದು ಎರಡು ಮದುವೆ ಆದ ತಪ್ಪಿಗೆ.

ನಮಗೆ ಬೇಕಾದ ಮನುಷ್ಯ ಈ ಗದ್ದಲದ ಒಂದು ಮೂಲೆಯಲ್ಲಿದ್ದಾರೆ. ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್. ಅವರು ಇಸಬೆಲ್ಲಾ ಅವರ ಕರುಳನ್ನ ಪರೀಕ್ಷಿಸಿ ಬರೆದ ವರದಿಯನ್ನೇ ಅಲ್ಸರೇಟಿವ್ ಕೊಲೈಟಿಸ್ ಚರಿತ್ರೆಯ ಮೊದಲ ಪುಟ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆಕೆಗೆ ಇದ್ದದ್ದು ಕ್ರೋನ್ಸ್ ಕಾಯಿಲೆ ಇರಬಹುದು ಅಂತ ಆಮೇಲೆ ಓದಿದವರೂ ಇದ್ದಾರೆ. ಏನೇ ಇರಲಿ, ಒಂದು ಮಾತು ಗಮನಿಸಿ. ಈ ಕಾಯಿಲೆಯ ಬಗ್ಗೆ ಮೊದಲ ಸಾಕ್ಷಿ ಹೇಳಿದ್ದು ಸತ್ತವರ ಕರುಳು. ಬದುಕಿದ್ದಾಗ ಆ ಹೆಣ್ಣಿಗೆ ಏನೆಲ್ಲ ಆಗ್ತಿತ್ತು, ಅದನ್ನ ಆಕೆ ಯಾವ ಮಾತಲ್ಲಿ ಹೇಳಿದಳು, ಅದು ಯಾರಿಗೂ ಬೇಕಾಗಿರಲಿಲ್ಲ.

1913ರಲ್ಲಿ ಸ್ಕಾಟ್ಲೆಂಡ್‌ನ ಸರ್ಜನ್ ಕೆನೆಡಿ ಡಾಲ್ಜಿಯಲ್ ಇಂಥದ್ದೇ 9 ರೋಗಿಗಳ ಬಗ್ಗೆ ಬರೆದರು. 1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ಮೂವರು ಡಾಕ್ಟರುಗಳು 14 ರೋಗಿಗಳ ಸಣ್ಣ ಕರುಳಿನ ತುದಿಭಾಗದ ಉರಿಯೂತವನ್ನ ವಿವರಿಸಿದರು. ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್. ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಅಚ್ಚಾದವು, ಹಾಗಾಗಿ ಮೊದಲಿದ್ದ ಕ್ರೋನ್ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಇಲ್ಲೂ ಮಾತಾಡಿದ್ದು ಕರುಳೇ. ಈ ಸಲ ಆಪರೇಷನ್ ಟೇಬಲ್ ಮೇಲೆ.

ಇಲ್ಲೊಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎರಡನ್ನೂ ಸೇರಿಸಿ ಐಬಿಡಿ ಅಂತಾರೆ. ಕರುಳಿನ ಉರಿಯೂತದ ಕಾಯಿಲೆ. ಐಬಿಎಸ್ ಅಂತ ಬೇರೆ ಒಂದಿದೆ, ಅದರಲ್ಲಿ ಕರುಳಿಗೆ ಹುಣ್ಣಾಗಲ್ಲ. ಅಕ್ಷರ ಒಂದೇ ವ್ಯತ್ಯಾಸ, ಕಾಯಿಲೆ ಬೇರೆ ಬೇರೆ.

‘ಎಲ್ಲಾ ನಿನ್ನ ತಲ್ಯಾಗ ಐತಿ’

ಇದಾದ ಮೇಲೆ ಕಥೆ ಒಂದು ವಿಚಿತ್ರ ತಿರುವು ತಗೊಳ್ಳುತ್ತೆ. 1930ರ ನಂತರ ಕೆಲವು ಡಾಕ್ಟರುಗಳು ರೋಗಿಯ ಮನಸ್ಸಿನ ಬಗ್ಗೆ ಕೇಳೋಕೆ ಶುರು ಮಾಡಿದರು. ಒಳ್ಳೇದಾಯ್ತಲ್ಲ ಅಂತೀರಾ? ತಡೀರಿ. ಅವರು ಕೇಳಿದ್ದು ತಪ್ಪು ಹುಡುಕೋಕೆ. ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ 1950ರಲ್ಲಿ ತಮ್ಮ ಪುಸ್ತಕದಲ್ಲಿ ಮನಸ್ಸಿನ ಒಳಜಗಳಕ್ಕೂ ದೇಹದ ಕಾಯಿಲೆಗೂ ನಂಟು ಕಟ್ಟಿದರು. ಅಂಥ 7 ಕಾಯಿಲೆಗಳ ಪಟ್ಟಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕೂಡ ಇತ್ತು. ರೋಗಿಯ ಸ್ವಭಾವವೇ ರೋಗದ ಬೇರು ಅನ್ನೋ ನಂಬಿಕೆ ಬಹಳ ವರ್ಷ ನಡೀತು.

ಈಗ ಯಾವ ಡಾಕ್ಟರೂ ಹಾಗೆ ಹೇಳಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ, ಅನುವಂಶೀಯತೆ, ಕರುಳಿನ ಸೂಕ್ಷ್ಮಾಣುಗಳು, ಪರಿಸರ, ಇವೆಲ್ಲ ಸೇರಿ ಈ ಕಾಯಿಲೆ ಬರುತ್ತೆ ಅಂತ ತಿಳಿದಿದೆ. ಆದರೆ ನಮ್ಮೂರ ಕಟ್ಟೆಯ ಮೇಲೆ ಆ ಹಳೇ ಮಾತು ಇನ್ನೂ ಜೀವಂತ. ‘ಭಾಳ ವಿಚಾರ ಮಾಡತಾನ, ಅದಕ್ಕ ಹೊಟ್ಟಿ ಕೆಡತೈತಿ.’ ‘ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗತೈತಿ.’ ನನಗೆ ಶುರುವಾದಾಗ ಒಂದು ವರ್ಷ ಮೂಲವ್ಯಾಧಿ ಅಂತಲೇ ಔಷಧಿ ತಗೊಂಡೆ. ರಕ್ತ ಬಿದ್ದರೆ ಮೂಲವ್ಯಾಧಿ, ನೋವಾದರೆ ಉಷ್ಣ, ಸೊರಗಿದರೆ ಚಿಂತೆ. ಈ ಮೂರು ಹಣೆಪಟ್ಟಿ ದಾಟಿ ಕೊಲೊನೋಸ್ಕೋಪಿ ಮಾಡಿಸೋ ಹೊತ್ತಿಗೆ 11 ಕಿಲೋ ಕಡಿಮೆ ಆಗಿದ್ದೆ.

ಎಣಿಸೋದು ಶುರುವಾಯ್ತು

ಅಳತೆ ಯಾವಾಗ ಬೇಕಾಗುತ್ತೆ ಹೇಳಿ? ಔಷಧಿ ಬಂದಾಗ. ಔಷಧಿ ಕೆಲಸ ಮಾಡ್ತಾ ಇದೆಯೋ ಇಲ್ವೋ ಗೊತ್ತಾಗಬೇಕಲ್ಲ. 1940ರ ಆಸುಪಾಸಿನಲ್ಲಿ ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಜ್ ಸಲ್ಫಾಸಲಜೀನ್ ತಂದರು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಸಿಡ್ನಿ ಟ್ರೂಲವ್ ಮತ್ತು ಲೆಸ್ಲಿ ವಿಟ್ಸ್ ಕಾರ್ಟಿಸೋನ್ ಕೊಟ್ಟು ಪರೀಕ್ಷೆ ನಡೆಸಿದರು. 1955ರಲ್ಲಿ ಅಂತಿಮ ವರದಿ ಬಂತು. ಕಾಯಿಲೆ ಎಷ್ಟು ತೀವ್ರ ಅಂತ ವಿಂಗಡಿಸೋಕೆ ಅವರು ಒಂದು ಸರಳ ಪಟ್ಟಿ ಮಾಡಿದ್ದರು. ದಿನಕ್ಕೆ 6 ಅಥವಾ ಹೆಚ್ಚು ಸಲ ರಕ್ತಭೇದಿ, ಜ್ವರ, ನಿಮಿಷಕ್ಕೆ 90 ದಾಟಿದ ನಾಡಿ, ರಕ್ತಹೀನತೆ, 30 ದಾಟಿದ ಇಎಸ್‌ಆರ್. ಇವತ್ತಿಗೂ ತೀವ್ರ ಕೊಲೈಟಿಸ್‌ನಿಂದ ಆಸ್ಪತ್ರೆಗೆ ಸೇರಿದವರನ್ನ ಈ ಅಳತೆಯಲ್ಲೇ ನೋಡ್ತಾರೆ. ಈ ಪಟ್ಟಿ ಜೀವ ಉಳಿಸಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

1976ರಲ್ಲಿ ಅಮೆರಿಕದ ವಿಲಿಯಂ ಬೆಸ್ಟ್ ಮತ್ತು ಜೊತೆಗಾರರು ಕ್ರೋನ್ಸ್‌ಗೆ ಒಂದು ಅಂಕಪಟ್ಟಿ ಕಟ್ಟಿದರು. 112 ರೋಗಿಗಳ 187 ಭೇಟಿಗಳ ಮಾಹಿತಿ ಇಟ್ಟುಕೊಂಡು 8 ಅಂಶ ಆರಿಸಿದರು. ಹೆಸರು ಸಿಡಿಎಐ. 150ಕ್ಕಿಂತ ಕಡಿಮೆ ಬಂದರೆ ಕಾಯಿಲೆ ತಣ್ಣಗಿದೆ, 450 ದಾಟಿದರೆ ಅತಿ ತೀವ್ರ. ಇದಕ್ಕಾಗಿ ರೋಗಿ 7 ದಿನ ಡೈರಿ ಬರೀಬೇಕಿತ್ತು. ಎಷ್ಟು ಸಲ ಭೇದಿ, ಹೊಟ್ಟೆನೋವು ಎಷ್ಟು, ಒಟ್ಟಾರೆ ಹೇಗಿದ್ದೀರಿ. ರೋಗಿಯ ಕೈಗೆ ಪೆನ್ನು ಬಂತು ಅನ್ನಿ. ಆದರೆ ಯಾವ ಅಂಶಕ್ಕೆ ಎಷ್ಟು ತೂಕ ಅಂತ ನಿಗದಿ ಮಾಡಿದ್ದು, ರೋಗಿ ಹೇಗಿದ್ದಾನೆ ಅಂತ ಡಾಕ್ಟರು ಕೊಟ್ಟ ಅಂದಾಜಿಗೆ ಹೊಂದಿಸಿ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಬ್ಬು ಫ್ಯಾಕ್ಟರಿಗೆ ಹೋದಾಗ ತೂಕ ಆಗುತ್ತೆ, ಸಕ್ಕರೆ ಎಷ್ಟು ಇಳುವರಿ ಬಂತು ಅಂತ ಲೆಕ್ಕ ಆಗುತ್ತೆ. ಕಬ್ಬು ಕಡಿದವನ ಬೆನ್ನು ಎಷ್ಟು ನೋಯ್ತು ಅನ್ನೋದು ಆ ಚೀಟಿಯಲ್ಲಿ ಇರಲ್ಲ.

97 ಜನರನ್ನ ಕೇಳಿದರು

1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಒಂದು ದೊಡ್ಡ ಮಾತು ಹೇಳಿತ್ತು. ರೋಗ ಇಲ್ಲ ಅಂದಾಕ್ಷಣ ಆರೋಗ್ಯ ಅಲ್ಲ. ದೇಹ, ಮನಸ್ಸು, ಸಮಾಜದ ಜೊತೆಗಿನ ಬದುಕು, ಮೂರೂ ಚೆನ್ನಾಗಿರಬೇಕು ಅಂತ. ಮಾತು ಚಂದ. ಅಳೆಯೋದು ಹೇಗೆ? ಕರುಳಿನ ಕಾಯಿಲೆಯ ಮಟ್ಟಿಗೆ ಇದಕ್ಕೆ ಕೆಲಸಕ್ಕೆ ಬರುವ ಉತ್ತರ ಸಿಗೋಕೆ 41 ವರ್ಷ ಬೇಕಾಯ್ತು.

ಉತ್ತರ ಬಂದಿದ್ದು ಕೆನಡಾದ ಹ್ಯಾಮಿಲ್ಟನ್ ಊರಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ. ಗಾರ್ಡನ್ ಗಯಾಟ್, ಜ್ಯಾನ್ ಅರ್ವಿನ್ ಮತ್ತು ಜೊತೆಗಾರರು. ಗಯಾಟ್ ಹೆಸರು ವೈದ್ಯಕೀಯ ಓದಿದವರಿಗೆ ಗೊತ್ತಿರುತ್ತೆ. ಪುರಾವೆ ಆಧರಿಸಿದ ವೈದ್ಯಕೀಯ ಅನ್ನೋ ಮಾತನ್ನ 1991ರಲ್ಲಿ ಚಲಾವಣೆಗೆ ತಂದವರು. ಈ ತಂಡ 97 ರೋಗಿಗಳನ್ನ ಕೇಳಿತು: ಈ ಕಾಯಿಲೆಯಿಂದ ನಿಮಗೆ ಏನೇನು ತೊಂದರೆ ಆಗುತ್ತೆ, ಅದರಲ್ಲಿ ಯಾವುದು ಹೆಚ್ಚು ಕಾಡುತ್ತೆ? ಹೆಚ್ಚು ಜನರಿಗೆ ಹೆಚ್ಚು ಕಾಡುವ ಸಂಗತಿಗಳನ್ನ ಆರಿಸಿ 32 ಪ್ರಶ್ನೆ ಮಾಡಿತು. 1989ರಲ್ಲಿ ಪ್ರಕಟವಾದ ಆ ಪ್ರಶ್ನಾವಳಿಯೇ ಐಬಿಡಿಕ್ಯೂ.

32ರಲ್ಲಿ 10 ಪ್ರಶ್ನೆ ಹೊಟ್ಟೆಯದ್ದು, 5 ಪ್ರಶ್ನೆ ಸುಸ್ತು, ನಿದ್ದೆ, ತೂಕದಂಥ ದೇಹದ ತೊಂದರೆಯದ್ದು, 12 ಮನಸ್ಸಿನದ್ದು, 5 ಜನರ ಜೊತೆಗಿನ ಬದುಕಿನದ್ದು. ಲೆಕ್ಕ ಗಮನಿಸಿದಿರಾ? ಅತಿ ಹೆಚ್ಚು ಪ್ರಶ್ನೆ ಮನಸ್ಸಿನ ಮೇಲಿವೆ. ಹಿಂದಿನ ಕಾಲದ ಹಾಗೆ ಬೈಯೋಕಲ್ಲ. ಸಿಟ್ಟು ಬಂತಾ, ಅಳು ಬಂತಾ, ನಾಚಿಕೆ ಆಯ್ತಾ, ಇನ್ನು ವಾಸಿ ಆಗಲ್ಲ ಅನ್ನಿಸ್ತಾ, ನಿಮ್ಮ ಕಷ್ಟ ಬೇರೆಯವರಿಗೆ ಅರ್ಥ ಆಗ್ತಿಲ್ಲ ಅನ್ನಿಸ್ತಾ ಅಂತ ಕೇಳೋಕೆ. ಒಟ್ಟು ಅಂಕ ಕನಿಷ್ಠ 32, ಗರಿಷ್ಠ 224. ಜಾಸ್ತಿ ಬಂದಷ್ಟೂ ಬದುಕು ಹಗುರ. 170ರ ಆಸುಪಾಸು ದಾಟಿದರೆ ಕಾಯಿಲೆ ಹತೋಟಿಯಲ್ಲಿದೆ ಅಂತ ಅಧ್ಯಯನಗಳಲ್ಲಿ ಹೆಚ್ಚಾಗಿ ಲೆಕ್ಕ ಹಿಡೀತಾರೆ. ಇಷ್ಟುದ್ದ ತುಂಬೋಕೆ ಪುರುಸೊತ್ತಿಲ್ಲದ ಕಡೆಗಾಗಿ 1996ರಲ್ಲಿ 10 ಪ್ರಶ್ನೆಗಳ ಚಿಕ್ಕ ರೂಪವೂ ಬಂತು.

ನನ್ನಂಥವನಿಗೆ ಇದು ಎಷ್ಟು ದೊಡ್ಡ ವಿಷಯ ಗೊತ್ತಾ? ರಿಪೋರ್ಟ್ ಕೈಯಲ್ಲಿ ಹಿಡಿದು ‘ಎಲ್ಲಾ ನಾರ್ಮಲ್ ಐತಿ, ಮತ್ತೇನು?’ ಅಂತ ಕೇಳಿದಾಗ, ಮತ್ತೇನು ಅನ್ನೋದನ್ನ ಹೇಳೋಕೆ ಮಾತು ಸಿಗ್ತಿರಲಿಲ್ಲ. ಪುಣೆಯ ಕೆಲಸ ಬಿಟ್ಟಿದ್ದು ಹೇಳಲಾ? ಬಸ್ ಹತ್ತೋ ಮುಂಚಿನ ದಿನ ಊಟ ಬಿಡೋದು ಹೇಳಲಾ? ಆ ಫಾರ್ಮ್ ನೋಡಿದಾಗ ಅನ್ನಿಸಿದ್ದು ಇಷ್ಟೇ: ಎಲ್ಲೋ ಕೆನಡಾದಲ್ಲಿ ಕೂತ 97 ಜನ ನನ್ನ ಮಾತನ್ನ ಮೊದಲೇ ಹೇಳಿಬಿಟ್ಟಿದ್ದಾರೆ.

ನಮ್ಮ ಕಡೆಗೆ ಬಂದದ್ದು

ಬಹಳ ವರ್ಷ ಇದು ಬಿಳಿಯರ ಕಾಯಿಲೆ, ಭಾರತದಲ್ಲಿ ಅಪರೂಪ ಅನ್ನೋ ನಂಬಿಕೆ ಇತ್ತು. ಅದನ್ನ ಅಲ್ಲಾಡಿಸಿದ್ದು ಪಂಜಾಬಿನ ಒಂದು ಕೆಲಸ. ಲುಧಿಯಾನದ ಅಜಿತ್ ಸೂದ್ ಮತ್ತು ಸಂಗಡಿಗರು ಮನೆಮನೆಗೆ ಹೋಗಿ 51,910 ಜನರನ್ನ ವಿಚಾರಿಸಿದರು. 23 ಜನರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಸಿಕ್ಕಿತು. ಅಂದರೆ ಲಕ್ಷಕ್ಕೆ 44ರಷ್ಟು. 2003ರಲ್ಲಿ ಈ ವರದಿ ಪ್ರಕಟವಾಯ್ತು. ಕೇಳಿದರೆ ಸಿಗುತ್ತೆ, ಕೇಳದಿದ್ದರೆ ಅಪರೂಪ ಅನ್ನಿಸುತ್ತೆ. ಕ್ರೋನ್ಸ್ ವಿಷಯದಲ್ಲಿ ನಮ್ಮ ದೇಶಕ್ಕೆ ಇನ್ನೊಂದು ತೊಡಕಿದೆ. ಕರುಳಿನ ಟಿಬಿ ಮತ್ತು ಕ್ರೋನ್ಸ್ ನೋಡೋಕೆ ಒಂದೇ ಥರ ಇರ್ತವೆ, ಕೂರೋ ಜಾಗವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಷ್ಟೋ ಕ್ರೋನ್ಸ್ ರೋಗಿಗಳು ಮೊದಲು ತಿಂಗಳುಗಟ್ಟಲೆ ಟಿಬಿ ಔಷಧಿ ತಗೊಂಡಿರ್ತಾರೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕಿನವರಿಗೆ ಆಸ್ಪತ್ರೆ ಅಂದರೆ ಎರಡು ದಿಕ್ಕು. ಒಂದು ಬೆಳಗಾವಿ, ಇನ್ನೊಂದು ಗಡಿಯಾಚೆ. ಕಾಗವಾಡದಿಂದ ಮಿರಜ್ 20 ಕಿಲೋಮೀಟರ್ ಕೂಡ ಇಲ್ಲ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. 1956ರವರೆಗೆ ಬೆಳಗಾವಿ ಜಿಲ್ಲೆಯೂ ಮುಂಬೈ ರಾಜ್ಯದಲ್ಲೇ ಇತ್ತು. ಮಿರಜ್‌ನಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ ಕೂಡ ಕೆನಡಾದಲ್ಲಿ ಹುಟ್ಟಿದವರು ಅನ್ನೋದು ಓದಿ ನನಗೆ ನಗು ಬಂತು. ನಾನು ಹೋದ ಆಸ್ಪತ್ರೆ ಅದಲ್ಲ, ಆದರೆ ‘ದೊಡ್ಡ ಡಾಕ್ಟರ್ ಹತ್ರ ಮಿರಜಕ್ಕ ಹೋಗೋಣ’ ಅನ್ನೋ ಮಾತು ನಮ್ಮ ಮುತ್ತಾತಂದಿರ ಕಾಲದ್ದು. ಔಷಧಿ ಆಗಲೇ ಗಡಿ ದಾಟಿತ್ತು. ಪ್ರಶ್ನೆಗಳು ದಾಟುವಾಗ ಮಾತ್ರ ತೊಡಕು.

ಯಾಕೆ ಅಂತ ಹೇಳ್ತೀನಿ ಕೇಳಿ. ಪ್ರಶ್ನಾವಳಿಯನ್ನ ಬೇರೆ ಭಾಷೆಗೆ ತರೋಕೆ ಒಂದು ಪದ್ಧತಿ ಇದೆ. ಒಬ್ಬರು ಅನುವಾದ ಮಾಡ್ತಾರೆ, ಮೂಲ ನೋಡದ ಇನ್ನೊಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ತರ್ತಾರೆ, ಎರಡೂ ಹೊಂದುತ್ತಾ ನೋಡ್ತಾರೆ. ಆಮೇಲೆ ರೋಗಿಗಳಿಗೆ ಓದಿಸಿ, ಏನು ಅರ್ಥ ಆಯ್ತು ಅಂತ ಕೇಳ್ತಾರೆ. ಆವತ್ತು ಆ ಬೆಂಚಿನ ಮೇಲೆ ಇದೆಲ್ಲ ನಾನೊಬ್ಬನೇ, ಹತ್ತು ನಿಮಿಷದಲ್ಲಿ ಮಾಡಿದೆ. ಗಂಡ ಹೆಂಡತಿ ಸಂಬಂಧದ ಪ್ರಶ್ನೆ ಬಂದಾಗ ಕೇಳೋ ಧೈರ್ಯ ಆಗದೆ, ನಾನೇ 7 ಹಾಕಿ ಮುಂದೆ ಹೋದೆ. ಅದನ್ನ ಇವತ್ತು ಮೊದಲ ಸಲ ಹೇಳ್ತಿದ್ದೀನಿ. ಒಂದು ಸುಳ್ಳು ಅಂಕ ಹುಟ್ಟೋದು ಹೀಗೆ. ಮುಜುಗರದಿಂದ.

ಏಳಕ್ಕೆ ಏಳು ಯಾಕೆ ಬಂತು

ಈಗ ಕಾಕೂ ಹೇಳಿದ ಮಾತಿಗೆ ಬರೋಣ. ‘ಹೋಗೂದ ಇಲ್ಲ ಅಂದಮ್ಯಾಲ ತ್ರಾಸ ಎಲ್ಲಿಂದ?’

ಇದನ್ನ ತಜ್ಞರೂ ಗಮನಿಸಿದ್ದಾರೆ. ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಕ್ಯಾರಲಿನ್ ಶ್ವಾರ್ಟ್ಜ್ 1999ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ದೀರ್ಘ ಕಾಯಿಲೆ ಇರೋ ಮನುಷ್ಯ ಕಾಲಕ್ರಮೇಣ ತನ್ನ ಒಳಗಿನ ಅಳತೆಗೋಲನ್ನೇ ಬದಲಾಯಿಸಿಕೊಳ್ತಾನೆ. ಯಾವುದು ಮುಖ್ಯ, ಯಾವುದು ಕಷ್ಟ, ಯಾವುದು ಚೆನ್ನಾಗಿರೋದು ಅನ್ನೋದರ ಅರ್ಥವೇ ಬೇರೆ ಆಗುತ್ತೆ. ಇದರಲ್ಲಿ ಒಳ್ಳೇದೂ ಇದೆ. ಮನುಷ್ಯ ಹೊಂದಿಕೊಂಡು ಬದುಕ್ತಾನೆ, ಅದು ಅವನ ಗಟ್ಟಿತನ. ಆದರೆ ಅಂಕ ನೋಡೋ ಡಾಕ್ಟರಿಗೆ ಇದರಿಂದ ಮೋಸ ಆಗಬಹುದು. ಕಾಯಿಲೆ ವಾಸಿಯಾಗಿ ಜಾತ್ರೆಗೆ ಹೋಗಿ ಬಂದವರಿಗೂ 7. ಜಾತ್ರೆ ಆಸೆಯನ್ನೇ ಬಿಟ್ಟವರಿಗೂ 7.

ಕಾಕೂ ಫಾರ್ಮ್ ಮುಗಿಸಿ ನನ್ನದು ತುಂಬೋಕೆ ಕೂತೆ. ಪ್ರಯಾಣಕ್ಕೆ, ಹೊರಗೆ ಹೋಗೋದಕ್ಕೆ ನಾನು ಹಾಕಬೇಕು ಅಂದುಕೊಂಡಿದ್ದು 6. ಪೆನ್ನು ಅಲ್ಲೇ ನಿಂತಿತು. ನನಗೆ ತೊಂದರೆ ಯಾಕಿಲ್ಲ? ಮನೆಯಿಂದ ಕೆಲಸ ಮಾಡ್ತೀನಿ. ಗೆಳೆಯರ ಮದುವೆಗೆ ಫೋನ್‌ಪೇ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹೂಗುಚ್ಛ ಕಳಿಸ್ತೀನಿ. ಕ್ರಿಕೆಟ್ ಬಿಟ್ಟಿದ್ದನ್ನ ‘ಆಸಕ್ತಿ ಹೋಯ್ತು’ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಮ್ಮಿಬ್ಬರಿಗೂ ಇಪ್ಪತ್ತು ವರ್ಷ ಅಂತರ, ಆದರೆ ಇಬ್ಬರೂ ಬೇಲಿಯನ್ನ ಒಳಗೆ ಒಳಗೆ ಸರಿಸಿ, ಉಳಿದ ಅಂಗಳಕ್ಕೇ ಊರು ಅಂತ ಹೆಸರಿಟ್ಟಿದ್ದೆವು.

ಆಗ ಫಾರ್ಮ್‌ನಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದೆ.

‘ಕಾಕೂ, ಬ್ಯಾನಿ ಬರೂಕಿಂತ ಮೊದಲ ಎಲ್ಲೆಲ್ಲಿ ಹೋಗತಿದ್ರಿ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಣಿಸೋಕೆ ಶುರು ಮಾಡಿದರು. ಚಿಂಚಲಿ ಮಾಯಕ್ಕನ ಜಾತ್ರೆಗೆ ಪ್ರತಿ ವರ್ಷ. ಮಗಳನ್ನ ಕೊಟ್ಟ ನಿಪ್ಪಾಣಿಗೆ ಎರಡು ತಿಂಗಳಿಗೊಮ್ಮೆ. ಮೊಮ್ಮಗ ಹುಟ್ಟಿದ ಮೇಲೆ ಹೋಗೇ ಇಲ್ಲ, ಅವರೇ ಕರ್ಕೊಂಡು ಬರ್ತಾರೆ. ಹೇಳ್ತಾ ಹೇಳ್ತಾ ಸೆರಗು ಕಣ್ಣಿಗೆ ಹೋಯ್ತು. ‘ಇದನ್ನೂ ಬರೀಬೇಕೇನು?’ ಅಂದರು. ಬರೀಲಾ ಅಂತ ಕೇಳಿದೆ. ಹೂಂ ಅಂದರು. ಫಾರ್ಮ್‌ನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ.

ನಮ್ಮ ಐದು ತಾಲ್ಲೂಕಿನ ಪ್ರಶ್ನೆಗಳು

ಆವತ್ತಿನಿಂದ ನನ್ನ ಫೋನ್‌ನ ನೋಟ್ಸ್‌ನಲ್ಲಿ ಒಂದು ಪಟ್ಟಿ ಬೆಳೀತಾ ಇದೆ. ಹ್ಯಾಮಿಲ್ಟನ್‌ನ 97 ಜನರ ಬದಲು ನಮ್ಮ ಕಡೆಯ 97 ಜನರನ್ನ ಕೇಳಿದ್ದರೆ ಯಾವ ಪ್ರಶ್ನೆ ಬರ್ತಿದ್ದವು ಅಂತ.

ನಿಪ್ಪಾಣಿಯ ಬೀಡಿ ಕಟ್ಟೋ ಹೆಣ್ಣುಮಕ್ಕಳನ್ನ ಕೇಳಿ. ಅವರಿಗೆ ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಮೂಲ ಫಾರ್ಮ್ ಕೇಳೋದು ಕೆಲಸಕ್ಕೆ ಹೋಗೋದು ತಪ್ಪಿತಾ ಅಂತ. ಅವರ ಕೆಲಸ ಒಂದು ದಿನವೂ ತಪ್ಪಲ್ಲ, ಎದ್ದು ಎದ್ದು ಹೋದಷ್ಟೂ ಬೀಡಿ ಕಡಿಮೆ ಆಗುತ್ತೆ ಅಷ್ಟೇ. ಹಾಗಾದ್ರೆ ಕೇಳಬೇಕಾದ್ದು ‘ನಿನ್ನೆ ಎಷ್ಟು ಬೀಡಿ ಕಮ್ಮಿ ಆದ್ವು?’ ಅಂತ.

ಕಬ್ಬು ಕಡಿಯೋ ಗ್ಯಾಂಗಿನವರು ಟನ್ ಲೆಕ್ಕದವರು, ಅವರದ್ದೂ ಇದೇ ಕಥೆ. ಜೊತೆಗೆ ಇನ್ನೊಂದು. ಗಂಡಸಿಗೆ ಹೊಲದ ಮರೆ ಸಿಗುತ್ತೆ. ಹೆಣ್ಣುಮಗಳು ಕತ್ತಲಾಗೋವರೆಗೆ ಕಾಯಬೇಕು. ‘ಚರಗಿ ತಗೊಂಡು ಹೋಗೋಕೆ ಎಷ್ಟು ಹೊತ್ತು ತಡ್ಕೊಂಡ್ರಿ?’ ಅನ್ನೋದು ಪ್ರಶ್ನೆ.

ಕೃಷ್ಣೆ, ದೂಧಗಂಗಾ ದಡದ ಊರಿನವರಿಗೆ 2019ರ ಆಗಸ್ಟ್ ನೆನಪಿರುತ್ತೆ. ಮನೆಗೆ ನೀರು ನುಗ್ಗಿ, ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಿಗೆ ಹೋದ ದಿನಗಳು. ನೂರಾರು ಜನಕ್ಕೆ ಬೆರಳೆಣಿಕೆಯ ಸಂಡಾಸ. ಇಂಥ ಕಾಯಿಲೆ ಇದ್ದವರು ಆ ರಾತ್ರಿಗಳನ್ನ ಹೇಗೆ ಕಳೆದರು?

ಮತ್ತೆ ನಮ್ಮ ವಯಸ್ಸಿನವರಿಗೆ: ಹೆಣ್ಣು ನೋಡೋಕೆ, ಗಂಡು ನೋಡೋಕೆ ಬಂದವರ ಎದುರು ಕಾಯಿಲೆ ಮುಚ್ಚಿಟ್ಟಿರಾ? ಮುಚ್ಚಿಟ್ಟ ಮೇಲೆ ನಿದ್ದೆ ಬಂತಾ?

ಈ ಪಟ್ಟಿ ಹಿಡ್ಕೊಂಡು ಯಾರೂ ಔಷಧಿ ಪರೀಕ್ಷೆ ಮಾಡಲ್ಲ, ನನಗೆ ಗೊತ್ತು. ಪ್ರಪಂಚದ ಎಲ್ಲ ಕಡೆ ಹೋಲಿಸೋಕೆ ಒಂದೇ ಫಾರ್ಮ್ ಬೇಕಾಗುತ್ತೆ. ಆದರೆ ಅಂಚಿನಲ್ಲಿ ಜಾಗ ಇದೆ. ಅಲ್ಲಿ ಬರೀಬಹುದು.

ಡಾಕ್ಟರುಗಳ ಕಡೆಯಿಂದಲೂ ಕಾಲ ಬದಲಾಗ್ತಾ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ರೋಗಿ ತಾನೇ ಹೇಳುವ ಅನುಭವವನ್ನ ಔಷಧಿ ಪರೀಕ್ಷೆಯಲ್ಲಿ ಹೇಗೆ ಅಳೆಯಬೇಕು ಅಂತ ಮಾರ್ಗಸೂಚಿ ತಂದಿತು. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಪ್ರಕಟಿಸಿದ ಸ್ಟ್ರೈಡ್-2 ಅನ್ನೋ ಶಿಫಾರಸಿನಲ್ಲಿ, ಚಿಕಿತ್ಸೆಯ ದೀರ್ಘಕಾಲದ ಗುರಿಗಳಲ್ಲಿ ಕರುಳಿನ ಹುಣ್ಣು ಮಾಯೋದರ ಜೊತೆಗೆ ಬದುಕಿನ ಗುಣಮಟ್ಟ ಮರಳಿ ಬರೋದನ್ನೂ ಸೇರಿಸಿದರು. 1859ರಲ್ಲಿ ಸತ್ತವರ ಕರುಳು ನೋಡೋದರಿಂದ ಹೊರಟವರು ಇಲ್ಲಿವರೆಗೆ ಬಂದಿದ್ದಾರೆ.

ಇನ್ನುಳಿದದ್ದು ನಮ್ಮ ಕೆಲಸ. ವಾರಗಟ್ಟಲೆ ಭೇದಿ ಇದ್ದರೆ, ರಕ್ತ ಬೀಳ್ತಿದ್ದರೆ, ತೂಕ ಇಳೀತಿದ್ದರೆ ಮೂಲವ್ಯಾಧಿ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಮತ್ತೆ ಅವರು ಹೇಗಿದ್ದೀರಿ ಅಂತ ಕೇಳಿದಾಗ ‘ಆರಾಮ’ ಅನ್ನೋ ಮುಂಚೆ ಒಂದು ಸಲ ನೆನಪು ಮಾಡ್ಕೊಳ್ಳಿ. ಎಲ್ಲಿಗೆ ಹೋಗೋದು ಬಿಟ್ಟಿದ್ದೀನಿ? ಅದನ್ನ ಹೇಳಿ.

ಆವತ್ತು ಡಾಕ್ಟರು ಕಾಕೂ ಫಾರ್ಮ್ ನೋಡಿದರು. ಅಂಕಗಳ ಮೇಲೆ ಕಣ್ಣಾಡಿಸಿ ಪಕ್ಕಕ್ಕೆ ಇಡೋಕೆ ಹೋದವರು, ಅಂಚಿನಲ್ಲಿ ಏನಿದೆ ಅಂತ ನನ್ನನ್ನ ಕೇಳಿದರು. ಮರಾಠಿಯಲ್ಲಿ ಓದಿ ಹೇಳಿದೆ. ಅವರು ಕುರ್ಚಿ ಎಳ್ಕೊಂಡು ಕಾಕೂ ಎದುರು ಕೂತು ಕೇಳಿದರು: ‘ನಿಪ್ಪಾಣಿಗೆ ಹೋಗೋಕೆ ಬಸ್ಸಿಗೆ ಎಷ್ಟು ಹೊತ್ತು ಆಗುತ್ತೆ?’

ಮುಂದಿನ ಹತ್ತು ನಿಮಿಷ ಅವರಿಬ್ಬರೂ ಆ ಬಸ್ಸಿನ ಬಗ್ಗೆ ಮಾತಾಡಿದರು. ಎಲ್ಲಿ ನಿಲ್ಲುತ್ತೆ, ಯಾವ ನಿಲ್ದಾಣದಲ್ಲಿ ಸಂಡಾಸ ಇದೆ, ಬೆಳಗಿನ ಗುಳಿಗೆ ಎಷ್ಟೊತ್ತಿಗೆ ತಗೋಬೇಕು. ನಾನು ನನ್ನ ಫಾರ್ಮ್ ತೆಗೆದು, ಪ್ರಯಾಣದ ಮುಂದೆ ಹಾಕಿದ್ದ 6 ಹೊಡೆದುಹಾಕಿ 2 ಅಂತ ಬರೆದೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಹೀಗೆ ಸುಮ್ಮನೆ ಬೇಲಿ ಸರಿಸಿಕೊಂಡು ಕೂತವರಿದ್ದರೆ ಈ ಸಂಚಿಕೆ ಅವರಿಗೆ ಕಳಿಸಿ.